ಜೀನ್ ಇದ್ದವರಿಗೆಲ್ಲ ಸೀಲಿಯಾಕ್ ಬರುವುದಿಲ್ಲ, ಯಾಕೆ?

ಸೂಪರ್ ಮಾರ್ಕೆಟ್‌ಗೆ ಹೋದರೆ ‘ಗ್ಲುಟೆನ್ ಫ್ರೀ’ ಎಂದು ಬರೆದ ಬಿಸ್ಕತ್ತು, ಹಿಟ್ಟು, ನೂಡಲ್ಸ್ ಈಗ ನಮ್ಮೂರುಗಳಲ್ಲೂ ಕಾಣುತ್ತವೆ. ಇನ್ನೊಂದು ಕಡೆ, ಸ್ವಲ್ಪ ಎಂಜಲು ಕಳಿಸಿಕೊಟ್ಟರೆ ಸಾಕು, ಮುಂದೆ ನಿಮಗೆ ಯಾವ ಕಾಯಿಲೆ ಬರಬಹುದು ಅಂತ ಹೇಳುತ್ತೇವೆ ಎನ್ನುವ ಜೀನ್ ಪರೀಕ್ಷೆಗಳು ಮನೆ ಬಾಗಿಲಿಗೇ ಬಂದಿವೆ. ಆ ವರದಿಯಲ್ಲಿ ‘ಎಚ್‌ಎಲ್‌ಎ ಡಿಕ್ಯೂ2 ಪಾಸಿಟಿವ್, ಸೀಲಿಯಾಕ್ ಅಪಾಯವಿದೆ’ ಎಂಬ ಸಾಲು ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ ಅದು ಅಂತ ಗೊತ್ತಾದರೆ ಮರುದಿನದಿಂದಲೇ ಚಪಾತಿ, ಉಪ್ಪಿಟ್ಟು ಬಂದ್.

ಆ ಸಾಲಿಗೆ ನಿಜವಾಗಿ ಎಷ್ಟು ಬೆಲೆ ಕೊಡಬೇಕು? ನಮ್ಮ ದೇಶದಲ್ಲೇ ನಡೆದ ಅಧ್ಯಯನವೊಂದರ ಪ್ರಕಾರ ದಕ್ಷಿಣ ಭಾರತದ ನೂರು ಜನರಲ್ಲಿ ಸುಮಾರು 36 ಜನಕ್ಕೆ ಸೀಲಿಯಾಕ್‌ಗೆ ಬೇಕಾದ ಜೀನ್ ಇದೆ. ಅವರಲ್ಲಿ ಬಹುಪಾಲು ಜನಕ್ಕೆ ಜೀವಮಾನದಲ್ಲಿ ಈ ಕಾಯಿಲೆ ಬರುವುದೇ ಇಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ಮೊದಲಿನಿಂದಲೇ ಶುರು ಮಾಡಬೇಕು.

ಸೀಲಿಯಾಕ್ ಅಂದರೆ ಏನು

ಗೋಧಿ, ಜವೆಗೋಧಿ (ಬಾರ್ಲಿ), ರೈ ಎಂಬ ಮೂರು ಧಾನ್ಯಗಳಲ್ಲಿ ಒಂದೇ ಬಗೆಯ ಪ್ರೋಟೀನ್‌ಗಳಿವೆ. ಇವನ್ನೆಲ್ಲ ಸೇರಿಸಿ ಗ್ಲುಟೆನ್ ಎನ್ನುತ್ತಾರೆ. ಗೋಧಿ ಹಿಟ್ಟು ಕಲಸಿದಾಗ ಕಣಕ ಹರಿಯದೆ ಜಗ್ಗುತ್ತದಲ್ವಾ, ಅದು ಗ್ಲುಟೆನ್‌ನ ಕೆಲಸ. ರಾಗಿ, ಜೋಳ, ಅಕ್ಕಿಯಲ್ಲಿ ಅದಿಲ್ಲ. ಅದಕ್ಕೇ ಜೋಳದ ಹಿಟ್ಟನ್ನು ಬಿಸಿನೀರು ಹಾಕಿ ನಾದಿ, ಕೈಯಲ್ಲಿ ತಟ್ಟಿಯೇ ರೊಟ್ಟಿ ಮಾಡಬೇಕು.

ಸೀಲಿಯಾಕ್ ಇರುವವರ ಸಣ್ಣ ಕರುಳಿಗೆ ಗ್ಲುಟೆನ್ ತಲುಪಿದಾಗ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ವೈರಿ ಎಂದು ತಿಳಿಯುತ್ತದೆ. ಗ್ಲುಟೆನ್ ಮೇಲೆ ಶುರುವಾದ ದಾಳಿ ಸ್ವಂತ ಕರುಳಿನ ಮೇಲೂ ತಿರುಗುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನ ಆಕಾರದ ಸೂಕ್ಷ್ಮ ಚಾಚುಗಳಿವೆ, ಅವುಗಳಿಗೆ ವಿಲ್ಲೈ ಎಂದು ಹೆಸರು. ಉಂಡದ್ದರ ಸಾರ ಹೀರಿಕೊಳ್ಳುವುದು ಅವೇ. ದಾಳಿ ಮುಂದುವರಿದಷ್ಟೂ ಅವು ಗಿಡ್ಡವಾಗುತ್ತಾ ಹೋಗಿ, ಕೊನೆಗೆ ಗೋಡೆ ಚಪ್ಪಟೆಯಾಗುತ್ತದೆ. ಆಮೇಲೆ ಎಷ್ಟು ತಿಂದರೂ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ.

ಇದು ಗೋಧಿ ಅಲರ್ಜಿ ಅಲ್ಲ. ಅಲರ್ಜಿಯಲ್ಲಿ ತಿಂದ ಸ್ವಲ್ಪ ಹೊತ್ತಿಗೇ ತುರಿಕೆ, ಊತ, ಉಬ್ಬಸ ಬರಬಹುದು. ಸೀಲಿಯಾಕ್ ನಿಧಾನವಾಗಿ, ಒಳಗೊಳಗೇ ಕೆಡಿಸುವ ಕಾಯಿಲೆ. ಟೈಪ್ 1 ಮಧುಮೇಹ, ಕೆಲವು ಥೈರಾಯ್ಡ್ ತೊಂದರೆಗಳಂತೆ ಇದೂ ಆಟೋಇಮ್ಯೂನ್ ಗುಂಪಿಗೆ ಸೇರಿದ್ದು. ಅಂದರೆ ಕಾಯಬೇಕಾದ ವ್ಯವಸ್ಥೆಯೇ ಸ್ವಂತ ಅಂಗಕ್ಕೆ ಹೊಡೆಯುವ ಗುಂಪು. ಆದರೆ ಆ ಗುಂಪಿನ ಬೇರೆ ಕಾಯಿಲೆಗಳಿಗಿಂತ ಇದಕ್ಕೆ ಒಂದು ದೊಡ್ಡ ಅನುಕೂಲವಿದೆ. ಕಿಡಿ ಹಚ್ಚುವ ವಸ್ತು ಯಾವುದು ಅಂತ ಇಲ್ಲಿ ಖಚಿತವಾಗಿ ಗೊತ್ತು. ಅದನ್ನು ನಿಲ್ಲಿಸಿದರೆ ಕರುಳು ಮತ್ತೆ ಚೇತರಿಸಿಕೊಳ್ಳುತ್ತದೆ.

ಬ್ರೆಡ್ ಇಲ್ಲದ ಚಳಿಗಾಲ

ಕಾಯಿಲೆ ಹಳೆಯದು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲೇ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿದ್ದರು, ಗುಣವಾಗುವುದಿದ್ದರೆ ಆಹಾರದಿಂದಲೇ ಎಂದೂ ಹೇಳಿದ್ದರು. ಯಾವ ಆಹಾರ ಎಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಹಿಡಿದವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಆ ದೇಶದಲ್ಲಿ ಘೋರ ಹಸಿವು. ಬ್ರೆಡ್ ಸಿಗುತ್ತಿರಲಿಲ್ಲ. ಎಲ್ಲರೂ ಸೊರಗುತ್ತಿದ್ದ ಆ ಕಾಲದಲ್ಲಿ ಸೀಲಿಯಾಕ್ ಇದ್ದ ಮಕ್ಕಳು ಸುಧಾರಿಸಿದರು. ಬ್ರೆಡ್ ವಾಪಸ್ ಬಂದಾಗ ಅವರ ಕಾಯಿಲೆಯೂ ವಾಪಸ್ ಬಂತು. 1950ರಲ್ಲಿ ಡಿಕೆ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಗೋಧಿಯೇ ಕಾರಣ ಎಂದು ತೋರಿಸಿದರು.

ಹೀಗೆ ಗೋಧಿ ಸಿಕ್ಕಿಬಿತ್ತು. ಆದರೆ ಅದೇ ಬ್ರೆಡ್ ತಿಂದ ಪಕ್ಕದ ಮನೆಯ ಮಗುವಿಗೆ ಏನೂ ಆಗುವುದಿಲ್ಲ, ಈ ಮಗುವಿಗೆ ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದವರು ಜೀನ್‌ಗಳ ಹತ್ತಿರ ಬಂದು ನಿಂತರು.

ಆರನೇ ಕ್ರೋಮೋಸೋಮ್ ಮತ್ತು ಚೆನ್ನೆಮಣೆ

ನಮ್ಮ ಪ್ರತಿ ಜೀವಕೋಶದಲ್ಲಿ 23 ಜೊತೆ ಕ್ರೋಮೋಸೋಮ್‌ಗಳಿವೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪನದು, ಒಂದು ಅಮ್ಮನದು. ಆರನೇ ಕ್ರೋಮೋಸೋಮಿನ ಒಂದು ಭಾಗದಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪು ಇದೆ. ಅಂಗಾಂಗ ಕಸಿ ಮಾಡುವ ಮುಂಚೆ ‘ಮ್ಯಾಚ್’ ಆಗುತ್ತದಾ ಎಂದು ನೋಡುತ್ತಾರಲ್ಲ, ಮುಖ್ಯವಾಗಿ ನೋಡುವುದು ಇದನ್ನೇ. ಸೀಲಿಯಾಕ್‌ಗೂ ಈ ಗುಂಪಿಗೂ ನಂಟಿದೆ ಎಂಬ ಸುಳಿವು 1972ರಲ್ಲೇ ಸಿಕ್ಕಿತ್ತು. 1989ರಲ್ಲಿ ನಾರ್ವೆಯ ಓಸ್ಲೋದಲ್ಲಿ ಲುಡ್ವಿಗ್ ಸೋಲಿಡ್ ಮತ್ತು ಸಂಗಡಿಗರು ನಿಖರವಾಗಿ ಬೆರಳಿಟ್ಟು ತೋರಿಸಿದ್ದು ಡಿಕ್ಯೂ2 ಎಂಬುದನ್ನು.

ಡಿಕ್ಯೂ ಏನು ಮಾಡುತ್ತದೆ? ಅದು ರಕ್ಷಣಾ ಕೋಶಗಳ ಮೈಮೇಲೆ ಕೂತಿರುವ ಒಂದು ಪ್ರೋಟೀನ್. ಹೊರಗಿನಿಂದ ಬಂದ ಪ್ರೋಟೀನ್‌ಗಳ ಚೂರುಗಳನ್ನು ಹಿಡಿದು, ‘ಟಿ ಕೋಶ’ ಎಂಬ ಸೈನಿಕರಿಗೆ ತೋರಿಸುವುದು ಅದರ ಕೆಲಸ. ನೋಡಿ, ಇಂಥದ್ದು ಬಂದಿದೆ, ಏನಾದರೂ ಮಾಡಬೇಕಾ ಅಂತ.

ಚೆನ್ನೆಮಣೆ ನೋಡಿದ್ದೀರಲ್ಲ? ಹಳೆ ಮೈಸೂರು ಕಡೆ ಅಳಗುಳಿಮಣೆ ಎನ್ನುತ್ತಾರೆ. ಮರದ ಮಣೆಯಲ್ಲಿ ಸಾಲಾಗಿ ಗುಳಿಗಳು, ಗುಳಿಗಳಲ್ಲಿ ಕಾಳು. ಡಿಕ್ಯೂ ಪ್ರೋಟೀನನ್ನು ಹಾಗೊಂದು ಪುಟ್ಟ ಮಣೆ ಎಂದುಕೊಳ್ಳಿ. ಅದರ ಮೇಲೂ ಗುಳಿಗಳಿವೆ. ಗುಳಿಯ ಆಕಾರ ಮನುಷ್ಯರಿಂದ ಮನುಷ್ಯರಿಗೆ ಬೇರೆ. ಒಬ್ಬರ ಮಣೆಯಲ್ಲಿ ಗಟ್ಟಿಯಾಗಿ ಕೂರುವ ಕಾಳು ಇನ್ನೊಬ್ಬರ ಮಣೆಯಲ್ಲಿ ಜಾರಿಬಿಡುತ್ತದೆ. ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ಎರಡು ಬಗೆಯ ಮಣೆಗಳಲ್ಲಿ ಗ್ಲುಟೆನ್ ಚೂರು ಭದ್ರವಾಗಿ ಕೂರುತ್ತದೆ. ಬೇರೆ ಮಣೆಗಳಲ್ಲಿ ಕೂರುವುದಿಲ್ಲ. ಕೂರದಿದ್ದರೆ ಟಿ ಕೋಶಕ್ಕೆ ತೋರಿಸಲು ಏನೂ ಇಲ್ಲ, ಗಲಾಟೆಯೂ ಇಲ್ಲ.

ಇಲ್ಲಿ ಎರಡು ವಿವರ ಬಹಳ ಸ್ವಾರಸ್ಯವಾಗಿವೆ.

ಮೊದಲನೆಯದು, ಗ್ಲುಟೆನ್ ಪೂರ್ತಿ ಜೀರ್ಣವಾಗದ ಪ್ರೋಟೀನ್. ಅದರಲ್ಲಿ ಪ್ರೋಲೀನ್, ಗ್ಲುಟಮೀನ್ ಎಂಬ ಅಮೈನೋ ಆಮ್ಲಗಳು ತುಂಬಾ ಜಾಸ್ತಿ. ನಮ್ಮ ಹೊಟ್ಟೆಯ ಕಿಣ್ವಗಳಿಗೆ ಪ್ರೋಲೀನ್ ಇರುವ ಕಡೆ ಕತ್ತರಿಸುವುದು ಕಷ್ಟ. ಹೀಗಾಗಿ ಉದ್ದುದ್ದ ಚೂರುಗಳು ಹಾಗೇ ಉಳಿಯುತ್ತವೆ. ಅಂಥ ಒಂದು ಚೂರಿನಲ್ಲಿ 33 ಅಮೈನೋ ಆಮ್ಲಗಳಿವೆ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದು ಎಲ್ಲರ ಹೊಟ್ಟೆಯಲ್ಲೂ ಆಗುವ ಸಂಗತಿ, ಕಾಯಿಲೆಯವರ ಹೊಟ್ಟೆಯಲ್ಲಿ ಮಾತ್ರ ಅಲ್ಲ.

ಎರಡನೆಯದು, ನಮ್ಮದೇ ಒಂದು ಕಿಣ್ವ ಈ ಚೂರನ್ನು ಮಣೆಗೆ ಸರಿಯಾಗಿ ಹೊಂದುವಂತೆ ಕೆತ್ತಿ ಕೊಡುತ್ತದೆ. ಅದರ ಹೆಸರು ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್, ಚಿಕ್ಕದಾಗಿ ಟಿಟಿಜಿ. ಗಾಯವಾದ ಜಾಗದಲ್ಲಿ ರಿಪೇರಿ ಮಾಡುವ ಒಳ್ಳೆಯ ಕಿಣ್ವ ಅದು. ಗ್ಲುಟೆನ್ ಚೂರು ಸಿಕ್ಕಾಗ ಅದರ ಗ್ಲುಟಮೀನನ್ನು ಗ್ಲುಟಮೇಟ್ ಆಗಿ ಬದಲಾಯಿಸುತ್ತದೆ. ಇದರಿಂದ ಚೂರಿಗೆ ಋಣ ವಿದ್ಯುದಂಶ ಬರುತ್ತದೆ. ಡಿಕ್ಯೂ2, ಡಿಕ್ಯೂ8 ಮಣೆಗಳ ಗುಳಿಗಳು ಋಣ ವಿದ್ಯುದಂಶ ಇರುವುದನ್ನೇ ಬಿಗಿಯಾಗಿ ಹಿಡಿಯುತ್ತವೆ. ಅಲ್ಲಿಗೆ ಕಾಳು ಗುಳಿಯಲ್ಲಿ ಕೂತಿತು. ಟಿ ಕೋಶಗಳು ಎಚ್ಚರಗೊಳ್ಳುತ್ತವೆ, ಉರಿಯೂತ ಶುರುವಾಗುತ್ತದೆ. ಇದರ ಜೊತೆಗೇ ದೇಹ ಟಿಟಿಜಿ ವಿರುದ್ಧವೂ ಪ್ರತಿಕಾಯಗಳನ್ನು (ಆಂಟಿಬಾಡಿ) ತಯಾರಿಸುತ್ತದೆ. 1997ರಲ್ಲಿ ಜರ್ಮನಿಯ ಸಂಶೋಧಕರು ಇದನ್ನು ಕಂಡುಹಿಡಿದರು. ಇವತ್ತು ಲ್ಯಾಬಿನಲ್ಲಿ ಸೀಲಿಯಾಕ್‌ಗೆ ಮಾಡುವ ರಕ್ತಪರೀಕ್ಷೆ ಹುಡುಕುವುದು ಈ ಪ್ರತಿಕಾಯಗಳನ್ನೇ.

ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ಸುಮಾರು 90 ಜನಕ್ಕೆ ಡಿಕ್ಯೂ2 ಇರುತ್ತದೆ. ಉಳಿದವರಲ್ಲಿ ಬಹುತೇಕರಿಗೆ ಡಿಕ್ಯೂ8. ಎರಡೂ ಇಲ್ಲದವರಲ್ಲಿ ಈ ಕಾಯಿಲೆ ತೀರಾ ಅಪರೂಪ.

ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ

ಈ ಮಣೆ ಎರಡು ಹೋಳು ಸೇರಿ ಆಗುವಂಥದ್ದು. ಒಂದು ಹೋಳಿನ ಮಾಹಿತಿ ಡಿಕ್ಯೂಎ1 ಜೀನ್‌ನಲ್ಲಿದೆ, ಇನ್ನೊಂದರದು ಡಿಕ್ಯೂಬಿ1 ಜೀನ್‌ನಲ್ಲಿ. ಸಾಮಾನ್ಯವಾಗಿ ಎರಡೂ ಸರಿಯಾದ ಹೋಳುಗಳು ಒಂದೇ ಕ್ರೋಮೋಸೋಮಿನಲ್ಲಿ ಒಟ್ಟಿಗೇ ಬರುತ್ತವೆ. ಅಂಥ ಒಂದು ಪ್ರತಿ ಇರುವ ಅಪ್ಪ ಅಥವಾ ಅಮ್ಮನಿಂದ ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಅರ್ಧಕ್ಕರ್ಧ.

ಕೆಲವೊಮ್ಮೆ ಒಂದು ಹೋಳು ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬಂದು ಮಗುವಿನಲ್ಲಿ ಪೂರ್ತಿ ಡಿಕ್ಯೂ2 ಮಣೆ ತಯಾರಾಗುತ್ತದೆ. ಆಗ ಅಪ್ಪನಲ್ಲೂ ಪೂರ್ತಿ ಮಣೆ ಇಲ್ಲದಿರಬಹುದು, ಅಮ್ಮನಲ್ಲೂ ಇಲ್ಲದಿರಬಹುದು, ಮಗುವಿನಲ್ಲಿ ಇರುತ್ತದೆ. ‘ಇದು ಯಾರ ಕಡೆಯಿಂದ ಬಂತು’ ಎಂಬ ಮಾತು ನಮ್ಮ ಮನೆಗಳಲ್ಲಿ ಬೇಗ ಹುಟ್ಟುತ್ತದೆ, ಹೆಚ್ಚಾಗಿ ಅದು ತಾಯಿಯ ತಲೆ ಮೇಲೇ ಬೀಳುತ್ತದೆ. ಸೀಲಿಯಾಕ್ ವಿಷಯದಲ್ಲಿ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಡಿಕ್ಯೂ2 ಕೆಟ್ಟುಹೋದ ಜೀನ್ ಅಲ್ಲ. ಭೂಮಿಯ ಮೇಲೆ ಕೋಟಿಗಟ್ಟಲೆ ಆರೋಗ್ಯವಂತರಲ್ಲಿ ಇರುವ, ತನ್ನ ಕೆಲಸ ಸರಿಯಾಗಿಯೇ ಮಾಡುವ ಜೀನ್ ಅದು.

ಥಲಸ್ಸೆಮಿಯಾದಂಥ ಆನುವಂಶಿಕ ರಕ್ತದ ಕಾಯಿಲೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂಬುದೂ ಗೊತ್ತಿರಬೇಕು. ತೀವ್ರ ಥಲಸ್ಸೆಮಿಯಾದಲ್ಲಿ ದೋಷವಿರುವ ಎರಡು ಪ್ರತಿ ಬಂದರೆ ಕಾಯಿಲೆ ಬಂದಂತೆಯೇ. ಸೀಲಿಯಾಕ್‌ನಲ್ಲಿ ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಡಿಕ್ಯೂ ಜೀನ್‌ಗಳು ಒಟ್ಟು ಆನುವಂಶಿಕ ಅಪಾಯದಲ್ಲಿ ನೂರಕ್ಕೆ ಸುಮಾರು 40 ಭಾಗವನ್ನು ವಿವರಿಸುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಇವಲ್ಲದೆ ಜೀನ್‌ಗಳ ನಕ್ಷೆಯಲ್ಲಿ ಇನ್ನೂ ಸುಮಾರು 40 ಜಾಗಗಳು ಸೀಲಿಯಾಕ್ ಜೊತೆ ನಂಟು ತೋರಿಸಿವೆ. ಒಂದೊಂದರ ಪಾಲೂ ಚಿಕ್ಕದು. ಅವುಗಳಲ್ಲಿ ಹೆಚ್ಚಿನವು ರಕ್ಷಣಾ ಕೋಶಗಳು ಎಷ್ಟು ಬೇಗ, ಎಷ್ಟು ಜೋರಾಗಿ ಕೆರಳಬೇಕು ಎಂಬುದಕ್ಕೆ ಸಂಬಂಧಿಸಿದವು. ಹಲವು ಜಾಗಗಳು ಟೈಪ್ 1 ಮಧುಮೇಹದಲ್ಲೂ ಕಾಣಿಸಿಕೊಳ್ಳುತ್ತವೆ. ಟೈಪ್ 1 ಮಧುಮೇಹ ಇರುವ ಮಗುವಿಗೆ ವೈದ್ಯರು ಸೀಲಿಯಾಕ್ ಪರೀಕ್ಷೆ ಬರೆದುಕೊಡುವುದು ಇದೇ ಕಾರಣಕ್ಕೆ. ಕ್ರೋಮೋಸೋಮ್‌ಗಳ ಏರುಪೇರಿನಿಂದ ಬರುವ ಡೌನ್ ಸಿಂಡ್ರೋಮ್ ಮತ್ತು ಟರ್ನರ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಸೀಲಿಯಾಕ್ ಬೇರೆಯವರಿಗಿಂತ ಜಾಸ್ತಿ.

ಅವಳಿಗಳನ್ನು ನೋಡಿದರೆ ಜೀನ್‌ಗಳ ಬಲ ಎಷ್ಟು, ಎಲ್ಲಿಗೆ ನಿಲ್ಲುತ್ತದೆ ಎಂಬುದು ಗೊತ್ತಾಗುತ್ತದೆ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಸುಮಾರು ಮುಕ್ಕಾಲು ಪಾಲು. ಇದು ತುಂಬಾ ದೊಡ್ಡ ಸಂಖ್ಯೆ. ಆದರೂ ಜೀನ್‌ಗಳೆಲ್ಲ ಒಂದೇ ಆಗಿದ್ದೂ ಕಾಲು ಪಾಲು ಜನ ತಪ್ಪಿಸಿಕೊಳ್ಳುತ್ತಾರಲ್ಲ.

ಜೀನ್ ಅದೇ, ಕಾಯಿಲೆ ಮಾತ್ರ ಉತ್ತರದಲ್ಲಿ

ಈಗ ನಮ್ಮ ದೇಶದ ಅಧ್ಯಯನಕ್ಕೆ ಬರೋಣ. ಇದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಉತ್ತರ, ಈಶಾನ್ಯ, ದಕ್ಷಿಣ ಎಂಬ ಮೂರು ಭಾಗಗಳಿಂದ ಒಟ್ಟು 23,331 ಆರೋಗ್ಯವಂತ ವಯಸ್ಕರ ರಕ್ತ ಪರೀಕ್ಷೆ ಮಾಡಿದರು. ಕೆಲವರ ಜೀನ್ ನೋಡಿದರು, ದಿನಕ್ಕೆ ಎಷ್ಟು ಗೋಧಿ ತಿನ್ನುತ್ತಾರೆ ಎಂದೂ ಲೆಕ್ಕ ಹಾಕಿದರು. ನನ್ನ ಪ್ರಕಾರ ಸೀಲಿಯಾಕ್ ಬಗ್ಗೆ ನಮ್ಮಲ್ಲಿ ಮಾತಾಡುವ ಯಾರೇ ಆದರೂ ಮೊದಲು ನೋಡಬೇಕಾದ್ದು ಈ ಅಂಕಿಗಳನ್ನು.

ಜೀನ್ ವಿಷಯದಲ್ಲಿ ಮೂರೂ ಕಡೆ ಅಂಥ ವ್ಯತ್ಯಾಸವಿಲ್ಲ. ಡಿಕ್ಯೂ2 ಅಥವಾ ಡಿಕ್ಯೂ8 ಇದ್ದವರು ಉತ್ತರದಲ್ಲಿ ನೂರಕ್ಕೆ 38.1, ಈಶಾನ್ಯದಲ್ಲಿ 31.4, ದಕ್ಷಿಣದಲ್ಲಿ 36.4.

ಕಾಯಿಲೆ ವಿಷಯಕ್ಕೆ ಬಂದರೆ ಚಿತ್ರವೇ ಬೇರೆ. ಉತ್ತರದಲ್ಲಿ ಸಾವಿರಕ್ಕೆ 8.53 ಜನರಿಗೆ ಸೀಲಿಯಾಕ್ ಇತ್ತು. ಈಶಾನ್ಯದಲ್ಲಿ 4.66. ದಕ್ಷಿಣದಲ್ಲಿ 0.11, ಅಂದರೆ ಸುಮಾರು ಒಂಬತ್ತು ಸಾವಿರ ಜನಕ್ಕೆ ಒಬ್ಬರು.

ಗೋಧಿ? ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ, ಈಶಾನ್ಯದವರು 37 ಗ್ರಾಂ, ದಕ್ಷಿಣದವರು 25 ಗ್ರಾಂ.

ಉತ್ತರ ಮತ್ತು ದಕ್ಷಿಣವನ್ನು ಅಕ್ಕಪಕ್ಕ ಇಟ್ಟರೆ ಕಾರಣ ಎದುರಿಗೇ ಇದೆ ಅನ್ನಿಸುತ್ತದೆ. ಜೀನ್ ಇದೆ, ಗೋಧಿ ಕಡಿಮೆ, ಹಾಗಾಗಿ ಕಾಯಿಲೆ ಕಡಿಮೆ. ಆದರೆ ಈಶಾನ್ಯದ ಅಂಕಿ ಈ ಸುಲಭ ಉತ್ತರಕ್ಕೆ ಒಗ್ಗುವುದಿಲ್ಲ. ಅಲ್ಲಿಯವರು ತಿನ್ನುವ ಗೋಧಿ ನಮಗಿಂತ ಸ್ವಲ್ಪವೇ ಜಾಸ್ತಿ, ಜೀನ್ ಇರುವವರು ನಮಗಿಂತ ಕಡಿಮೆ. ಆದರೂ ಕಾಯಿಲೆ ನಾಲ್ವತ್ತು ಪಟ್ಟು ಹೆಚ್ಚು. ಅಂದಮೇಲೆ ಜೀನ್ ಮತ್ತು ಗೋಧಿಯ ಜೊತೆಗೆ ಮೂರನೆಯದು ಏನೋ ಇರಲೇಬೇಕು.

ಇಂಥದ್ದೇ ಒಗಟು ಯುರೋಪಿನಲ್ಲೂ ಇದೆ. ಫಿನ್ಲೆಂಡ್ ಮತ್ತು ಅದರ ಗಡಿಯಾಚೆಗಿನ ರಷ್ಯಾದ ಕರೇಲಿಯಾ ಪ್ರಾಂತ್ಯದ ಮಕ್ಕಳನ್ನು ಹೋಲಿಸಿ ನೋಡಿದಾಗ ಡಿಕ್ಯೂ ಜೀನ್‌ಗಳು ಹೆಚ್ಚುಕಮ್ಮಿ ಒಂದೇ, ಗೋಧಿ ತಿನ್ನುವುದರಲ್ಲಿ ಕರೇಲಿಯಾದವರೇನೂ ಹಿಂದಿಲ್ಲ. ಆದರೆ ಸೀಲಿಯಾಕ್ ಫಿನ್ಲೆಂಡಿನಲ್ಲಿ 107 ಮಕ್ಕಳಿಗೆ ಒಬ್ಬರಿಗೆ, ಕರೇಲಿಯಾದಲ್ಲಿ 496ಕ್ಕೆ ಒಬ್ಬರಿಗೆ. ಬದುಕುವ ರೀತಿ, ಚಿಕ್ಕಂದಿನಲ್ಲಿ ಬರುವ ಸೋಂಕುಗಳು, ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ, ಇವುಗಳ ಮೇಲೆ ವಿಜ್ಞಾನಿಗಳ ಕಣ್ಣಿದೆ. ಕೆಲವು ವೈರಸ್ ಸೋಂಕುಗಳು ಕರುಳಿನ ಶಾಂತಿ ಕೆಡಿಸಿ, ಅದೇ ಹೊತ್ತಿಗೆ ಬಂದ ಗ್ಲುಟೆನ್ ಮೇಲೂ ಸಿಟ್ಟು ಬರುವಂತೆ ಮಾಡಬಹುದು ಎಂಬುದಕ್ಕೆ ಪ್ರಯೋಗಾಲಯದ ಪುರಾವೆಯೂ ಇದೆ.

ನಮ್ಮ ಮಟ್ಟಿಗೆ ಇದು ಯಾಕೆ ಮುಖ್ಯ ಎಂದರೆ, ನಮ್ಮ ತಟ್ಟೆ ಬದಲಾಗುತ್ತಿದೆ. ಶುಗರ್ ಬಂದಿದೆ ಎಂದ ಕೂಡಲೇ ರಾತ್ರಿ ಅನ್ನ ಬಿಟ್ಟು ಚಪಾತಿ ಶುರು ಮಾಡುವುದು ರೂಢಿಯೇ ಆಗಿಬಿಟ್ಟಿದೆ. ಮಕ್ಕಳ ಡಬ್ಬಿಯಲ್ಲಿ ಬ್ರೆಡ್, ನೂಡಲ್ಸ್, ಪರೋಟ. ಬೆಂಗಳೂರಿನಂಥ ಊರಲ್ಲಿ ಉತ್ತರದಿಂದ ಬಂದು ನೆಲೆಸಿದ ಕುಟುಂಬಗಳೂ ಬೇಕಾದಷ್ಟಿವೆ. ‘ಇದು ಉತ್ತರದವರ ಕಾಯಿಲೆ, ನಮಗೆಲ್ಲಿ ಬರುತ್ತೆ’ ಎಂದು ಸುಮ್ನೆ ಕೂರುವ ಹಾಗಿಲ್ಲ. ಜೀನ್ ನಮ್ಮಲ್ಲೂ ಅಷ್ಟೇ ಇದೆ.

ಮಗುವಿಗೆ ಎರಡು ವರ್ಷಕ್ಕೆ, ಅಜ್ಜಿಗೆ ಅರವತ್ತಕ್ಕೆ

ಜೀನ್ ಹುಟ್ಟಿನಿಂದಲೇ ಇರುತ್ತದೆ. ಹಾಗಿದ್ದರೆ ಕೆಲವರಿಗೆ ಚಿಕ್ಕಂದಿನಲ್ಲೇ ಬಂದು, ಇನ್ನು ಕೆಲವರಿಗೆ ಅರವತ್ತಕ್ಕೆ ಯಾಕೆ ಬರುತ್ತದೆ?

ಒಂದು ಕಾರಣ, ಮಣೆಗಳ ಸಂಖ್ಯೆ. ಅಪ್ಪ, ಅಮ್ಮ ಇಬ್ಬರಿಂದಲೂ ಡಿಕ್ಯೂ2 ಬಂದಿದ್ದರೆ ಗ್ಲುಟೆನ್ ಹಿಡಿಯುವ ಮಣೆಗಳು ಕೋಶದ ಮೇಲೆ ಜಾಸ್ತಿ ಇರುತ್ತವೆ. ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ಅಪಾಯದ ಜೀನ್ ಇರುವ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತಾ ಬಂದ ‘ಟೆಡ್ಡಿ’ ಎಂಬ ದೊಡ್ಡ ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. 6,403 ಮಕ್ಕಳ ವಿವರ 2014ರಲ್ಲಿ ಪ್ರಕಟವಾಯಿತು. ಡಿಕ್ಯೂ2ರ ಎರಡು ಪ್ರತಿ ಇದ್ದ ಮಕ್ಕಳಲ್ಲಿ ಐದು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 11 ಮಕ್ಕಳಿಗೆ ಸೀಲಿಯಾಕ್ ಬಂತು. ಒಂದೇ ಪ್ರತಿ ಇದ್ದವರಲ್ಲಿ ನೂರಕ್ಕೆ 3. ಡಿಕ್ಯೂ8ರ ಒಂದೇ ಪ್ರತಿ ಇದ್ದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಅತಿ ಹೆಚ್ಚಿನ ಅಪಾಯದ ಗುಂಪಿನಲ್ಲೂ ಐದು ವರ್ಷದೊಳಗೆ ನೂರಕ್ಕೆ 89 ಮಕ್ಕಳಿಗೆ ಕಾಯಿಲೆ ಬರಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಎರಡನೆಯ ಕಾರಣ, ಗ್ಲುಟೆನ್‌ನ ಪ್ರಮಾಣ. ಅದೇ ಟೆಡ್ಡಿ ಅಧ್ಯಯನದ ಮುಂದಿನ ವರದಿಯಲ್ಲಿ, ಮೊದಲ ಐದು ವರ್ಷ ಹೆಚ್ಚು ಗ್ಲುಟೆನ್ ತಿಂದ ಮಕ್ಕಳಲ್ಲಿ ಅಪಾಯ ಹೆಚ್ಚಿತ್ತು. ಯಾವಾಗ ಮೊದಲು ಕೊಡಬೇಕು ಎಂಬುದರಿಂದ ಅಂಥ ವ್ಯತ್ಯಾಸವಾಗುವುದಿಲ್ಲ. ಇಟಲಿ ಮತ್ತು ಯುರೋಪಿನ ಬೇರೆ ದೇಶಗಳಲ್ಲಿ ನಡೆದ ಎರಡು ಪ್ರಯೋಗಗಳು ಇದನ್ನು ಪರೀಕ್ಷಿಸಿದವು. ಗ್ಲುಟೆನ್ ಬೇಗ ಕೊಟ್ಟರೂ ತಡವಾಗಿ ಕೊಟ್ಟರೂ ಕೊನೆಗೆ ಕಾಯಿಲೆ ಬಂದ ಮಕ್ಕಳ ಪ್ರಮಾಣ ಹೆಚ್ಚುಕಮ್ಮಿ ಒಂದೇ ಆಗಿತ್ತು. ಎದೆಹಾಲು ಕುಡಿಸಿದ್ದರಿಂದ ಸೀಲಿಯಾಕ್ ತಪ್ಪಲಿಲ್ಲ ಎಂಬುದೂ ಅಲ್ಲಿ ಕಂಡುಬಂತು. ಎದೆಹಾಲಿನ ಉಳಿದ ಗುಣಗಳು ಹಾಗೇ ಇವೆ. ಆದರೆ ಮಗುವಿಗೆ ಸೀಲಿಯಾಕ್ ಬಂದಾಗ ತಾಯಿ ತನ್ನನ್ನು ತಾನು ದೂಷಿಸಿಕೊಳ್ಳಬೇಕಾದ್ದಿಲ್ಲ.

ದೊಡ್ಡವರ ವಿಷಯ ಇನ್ನೂ ಕುತೂಹಲದ್ದು. ಹಿಂದೆ ಇದನ್ನು ಮಕ್ಕಳ ಕಾಯಿಲೆ ಎಂದೇ ತಿಳಿದಿದ್ದರು. ದೊಡ್ಡವರಲ್ಲಿ ಸಿಕ್ಕಿದರೆ, ಚಿಕ್ಕಂದಿನಿಂದಲೂ ಇದ್ದದ್ದು ಈಗ ಗೊತ್ತಾಯಿತು ಎನ್ನುತ್ತಿದ್ದರು. ಅಮೆರಿಕದ ಮೇರಿಲ್ಯಾಂಡಿನಲ್ಲಿ 3,511 ವಯಸ್ಕರಿಂದ 1974ರಲ್ಲೂ 1989ರಲ್ಲೂ ರಕ್ತ ತೆಗೆದು ಕೂಡಿಟ್ಟಿದ್ದರು. ಆಮೇಲೆ ಅವನ್ನು ಪರೀಕ್ಷಿಸಿದಾಗ, ಅದೇ ಜನರಲ್ಲಿ ಹದಿನೈದು ವರ್ಷದಲ್ಲಿ ಸೀಲಿಯಾಕ್ ಗುರುತು ಇದ್ದವರ ಪ್ರಮಾಣ ದುಪ್ಪಟ್ಟಾಗಿತ್ತು. ಅಂದರೆ ಎಷ್ಟೋ ವರ್ಷ ಗೋಧಿ ತಿಂದು ಅರಗಿಸಿಕೊಂಡಿದ್ದವರ ದೇಹ ವಯಸ್ಸಾದ ಮೇಲೂ ಒಂದು ದಿನ ತಿರುಗಿ ಬೀಳಬಹುದು.

ಲಕ್ಷಣಗಳೂ ವಯಸ್ಸಿನ ಜೊತೆ ಬದಲಾಗುತ್ತವೆ. ಪುಟ್ಟ ಮಕ್ಕಳಲ್ಲಿ ಭೇದಿ, ಉಬ್ಬಿದ ಹೊಟ್ಟೆ, ಸಣಕಲು ಕೈಕಾಲು, ಸದಾ ಕಿರಿಕಿರಿ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಎತ್ತರ ಬೆಳೆಯದಿರುವುದು, ಮೈನೆರೆಯುವುದು ತಡವಾಗುವುದು. ದೊಡ್ಡವರಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದಿರಬಹುದು. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ವಯಸ್ಸಿಗೆ ಮೊದಲೇ ಸವೆದ ಮೂಳೆ, ಮತ್ತೆ ಮತ್ತೆ ಬಾಯಿಹುಣ್ಣು, ಗರ್ಭ ನಿಲ್ಲದಿರುವುದು, ಮೊಣಕೈ ಮೊಣಕಾಲಿನ ಮೇಲೆ ತುರಿಸುವ ನೀರುಗುಳ್ಳೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಸಾಮಾನ್ಯ ಎಂದರೆ, ಅದರ ಹಿಂದೆ ಬೇರೆ ಕಾರಣ ಇರಬಹುದು ಎಂದು ಯಾರೂ ಹುಡುಕುವುದೇ ಇಲ್ಲ. ಮಾತ್ರೆಗೆ ಜಗ್ಗದ ರಕ್ತಹೀನತೆ ಇದ್ದರೆ ಸೀಲಿಯಾಕ್ ಬಗ್ಗೆ ಒಮ್ಮೆ ವೈದ್ಯರನ್ನು ಕೇಳಿ ನೋಡಿ.

ಜೀನ್ ಪರೀಕ್ಷೆ ಹೇಳುವುದೇನು

ಈಗ ಮೊದಲಿನ ಆ ವರದಿಗೆ ಬರೋಣ. ‘ಡಿಕ್ಯೂ2 ಪಾಸಿಟಿವ್’ ಎಂದರೆ ನೀವು ದಕ್ಷಿಣ ಭಾರತದ ಆ 36 ಜನರ ಗುಂಪಿನಲ್ಲಿದ್ದೀರಿ, ಅಷ್ಟೇ. ಕಾಯಿಲೆ ಇದೆ ಎಂದಲ್ಲ, ಬರುತ್ತದೆ ಎಂದೂ ಅಲ್ಲ. ಗೋಧಿ ಚೆನ್ನಾಗಿ ತಿನ್ನುವ ದೇಶಗಳಲ್ಲೂ ಈ ಜೀನ್ ಇರುವವರಲ್ಲಿ ಸೀಲಿಯಾಕ್ ಬರುವುದು ನೂರಕ್ಕೆ ಮೂರು ಜನರ ಆಸುಪಾಸು.

‘ನೆಗೆಟಿವ್’ ಎಂಬುದಕ್ಕೇ ಇಲ್ಲಿ ಹೆಚ್ಚಿನ ಬೆಲೆ. ಡಿಕ್ಯೂ2 ಇಲ್ಲ, ಡಿಕ್ಯೂ8 ಇಲ್ಲ, ಅವುಗಳ ಹೋಳುಗಳೂ ಇಲ್ಲ ಎಂದರೆ ಸೀಲಿಯಾಕ್ ಇಲ್ಲ ಎಂದು ನೂರಕ್ಕೆ 99ಕ್ಕಿಂತ ಹೆಚ್ಚಿನ ಭರವಸೆಯಿಂದ ಹೇಳಬಹುದು.

ಕಾಯಿಲೆ ಇದೆಯಾ ಎಂದು ತಿಳಿಯಲು ಮೊದಲು ಮಾಡುವುದು ಟಿಟಿಜಿ-ಐಜಿಎ ರಕ್ತಪರೀಕ್ಷೆ. ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಎಂದೂ ನೋಡಬೇಕು. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯವೇ ತಯಾರಾಗುವುದಿಲ್ಲ, ಅಂಥವರಲ್ಲಿ ಕಾಯಿಲೆ ಇದ್ದರೂ ಈ ಪರೀಕ್ಷೆ ನೆಗೆಟಿವ್ ಬರುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತ ಮಾಡುತ್ತಾರೆ. ಮಕ್ಕಳಿಗೆ 2020ರ ಯುರೋಪಿನ ಮಾರ್ಗಸೂಚಿ ಒಂದು ದಾರಿ ಮಾಡಿಕೊಟ್ಟಿದೆ. ಟಿಟಿಜಿ ಮಟ್ಟ ಸಾಮಾನ್ಯ ಮಿತಿಯ ಹತ್ತು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಎರಡನೇ ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಪ್ರತಿಕಾಯವೂ ಸಿಕ್ಕಿದರೆ, ಬಯಾಪ್ಸಿ ಇಲ್ಲದೆಯೂ ನಿರ್ಧರಿಸಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರಕ್ತಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಗೋಧಿ ನಿಲ್ಲಿಸಿದರೆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯುತ್ತದೆ. ಆಮೇಲೆ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಮತ್ತೆ ಗೋಧಿ ತಿನ್ನಿಸಿ ಪರೀಕ್ಷೆ ಮಾಡಬೇಕಾಗುತ್ತದೆ, ಅದು ಮಗುವಿಗೆ ಹಿಂಸೆ. ಜೀನ್ ಪರೀಕ್ಷೆಗೆ ಈ ತೊಂದರೆ ಇಲ್ಲ, ಏನೇ ತಿಂದರೂ ಬಿಟ್ಟರೂ ಜೀನ್ ಬದಲಾಗುವುದಿಲ್ಲ. ಮೊದಲೇ ಗೋಧಿ ಬಿಟ್ಟುಬಿಟ್ಟವರ ವಿಷಯದಲ್ಲಿ ಅದು ವೈದ್ಯರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಊಟದ ಮಾತು

ಇವತ್ತಿಗೂ ಚಿಕಿತ್ಸೆ ಎಂದರೆ ಜೀವನಪೂರ್ತಿ ಗ್ಲುಟೆನ್ ಬಿಡುವುದು. ನಮ್ಮ ಅಡುಗೆಮನೆಗೆ ಇದು ಯುರೋಪಿನವರಿಗಿರುವಷ್ಟು ಕಷ್ಟವಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ದೋಸೆ, ಇಡ್ಲಿ, ನವಣೆ, ಸಾಮೆ ಎಲ್ಲವೂ ಆಗುತ್ತವೆ. ರವೆ ಇಡ್ಲಿ, ರವೆ ದೋಸೆ, ಉಪ್ಪಿಟ್ಟು, ಕೇಸರಿಬಾತ್, ಗೋಧಿ ಶ್ಯಾವಿಗೆ ಆಗುವುದಿಲ್ಲ. ಖಪ್ಲಿ ಗೋಧಿ ಹಳೆಯ ತಳಿ, ಅದರಲ್ಲಿ ತೊಂದರೆ ಇಲ್ಲ ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು, ಅದರಲ್ಲೂ ಗ್ಲುಟೆನ್ ಇದೆ.

ಕಣ್ಣಿಗೆ ಕಾಣದ ಕಡೆ ಜಾಸ್ತಿ ಹುಷಾರಾಗಿರಬೇಕು. ಅಂಗಡಿಯ ಹಿಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಒಂದು ಚಿಟಿಕೆ ಹಿಂಗಿನಲ್ಲಿ ಏನು ಮಹಾ ಎನ್ನಿಸಬಹುದು. ಆದರೆ ಸಾರು, ಹುಳಿ, ಚಟ್ನಿ, ಉಪ್ಪಿನಕಾಯಿ ಎಲ್ಲದಕ್ಕೂ ಅದು ಬೀಳುತ್ತದೆ. ನಮ್ಮ ದೇಶದ ನಿಯಮದಂತೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ‘ಗ್ಲುಟೆನ್ ಫ್ರೀ’ ಎಂದು ಬರೆಯಬಹುದು. ಮಿತಿ ಎಷ್ಟು ಬಿಗಿಯಾಗಿದೆ ನೋಡಿ. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ನಿಮ್ಮ ರಾಗಿ ಹಾಕಿದರೆ, ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಮೊದಲ ಸೇರುಗಳಲ್ಲಿ ಬಂದೇ ಬರುತ್ತದೆ. ರಾಗಿ, ಅಕ್ಕಿ ಮಾತ್ರ ಬೀಸುವ ಗಿರಣಿ ಹತ್ತಿರದಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನೆಯಲ್ಲೇ ಬೀಸುವ ಸಣ್ಣ ಯಂತ್ರಕ್ಕೆ ಹಾಕಿದ ದುಡ್ಡು ದಂಡವಲ್ಲ.

ಮನೆಯ ಉಳಿದವರು

ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಬಂದರೆ ಅವರ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಇಷ್ಟು ಜನ ಪರೀಕ್ಷೆ ಮಾಡಿಸಿಕೊಳ್ಳಬೇಕು, ಲಕ್ಷಣ ಇಲ್ಲದಿದ್ದರೂ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ನೋಡಿದಾಗ, ಇಂಥ ಹತ್ತಿರದ ಸಂಬಂಧಿಗಳಲ್ಲಿ ನೂರಕ್ಕೆ 7.5 ಜನರಿಗೆ ಸೀಲಿಯಾಕ್ ಇತ್ತು. ಅದರಲ್ಲೂ ಒಡಹುಟ್ಟಿದವರಲ್ಲಿ ನೂರಕ್ಕೆ 9ರ ಹತ್ತಿರ, ಅಪ್ಪ ಅಮ್ಮಂದಿರಲ್ಲಿ 3.

ಟಿಟಿಜಿ ಒಮ್ಮೆ ನೆಗೆಟಿವ್ ಬಂದರೆ ಮುಗಿಯಿತು ಎನ್ನುವ ಹಾಗಿಲ್ಲ, ಯಾಕೆಂದರೆ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. ಜೀನ್ ಇರುವ ಮಕ್ಕಳಿಗೆ ಕೆಲವು ವರ್ಷಕ್ಕೊಮ್ಮೆ ಮತ್ತೆ ನೋಡುತ್ತಿರಬೇಕು, ನಡುವೆ ಲಕ್ಷಣ ಕಂಡರೆ ಆಗಲೇ ನೋಡಬೇಕು. ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಮಗುವಿನ ವಯಸ್ಸು ನೋಡಿ ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಆ ಮಕ್ಕಳಿಗೆ ಗೋಧಿ ಬಿಡಿಸಬೇಕಾದ್ದಿಲ್ಲ.

ಜೀನ್ ಪರೀಕ್ಷೆಗೆ ದುಡ್ಡು ಖರ್ಚು ಮಾಡುವುದು ನನ್ನ ಲೆಕ್ಕದಲ್ಲಿ ಸಾರ್ಥಕವಾಗುವುದು ಇಲ್ಲಿಯೇ. ಅಕ್ಕನಿಗೆ ಸೀಲಿಯಾಕ್ ಇದೆ, ತಮ್ಮನಿಗೆ ಏನೂ ಇಲ್ಲ ಎಂದುಕೊಳ್ಳಿ. ತಮ್ಮನ ಜೀನ್ ಒಮ್ಮೆ ನೋಡಿಸಿದರೆ, ಡಿಕ್ಯೂ2 ಮತ್ತು ಡಿಕ್ಯೂ8 ಎರಡೂ ಇಲ್ಲ, ಅವುಗಳ ಹೋಳುಗಳೂ ಇಲ್ಲ ಎಂದು ಬಂದರೆ, ಆ ಹುಡುಗನಿಗೆ ಸೀಲಿಯಾಕ್‌ಗಾಗಿ ಮತ್ತೆಂದೂ ಸೂಜಿ ಚುಚ್ಚಬೇಕಾಗಿಲ್ಲ.